ಬಬ್ಬೂರು ಫಾರಂ ಗೇಟಿನೊಳಗೆ ನಮಗೇನಿದೆ?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮಗಳಿಗೆ ಒಳ್ಳೆಯ ಅಂಕ ಬಂದಿದೆ. ಬಿ.ಕಾಂ.ಗೆ ಸೇರಿಸುವುದೋ ಬಿ.ಎಸ್ಸಿ.ಗೋ, ಕಾಲೇಜು ಎಷ್ಟು ದೂರ, ಬಸ್ಸು ಎಷ್ಟು ಗಂಟೆಗೆ, ಹೆಣ್ಣುಮಕ್ಕಳದ್ದೇ ಕಾಲೇಜು ಸಿಗುತ್ತದೆಯೇ, ಅಷ್ಟರಲ್ಲಿ ಒಳ್ಳೆಯ ಸಂಬಂಧ ಕೂಡಿ ಬಂದರೆ ಏನು ಮಾಡುವುದು. ಇಷ್ಟೆಲ್ಲ ಮಾತಾದ ಮೇಲೂ ಒಂದು ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಈ ಹುಡುಗಿ ಓದು ಮುಗಿಸಿ ಹೊರಬರುವ ಹೊತ್ತಿಗೆ ಯಾವ ಕೆಲಸಗಳು ಉಳಿದಿರುತ್ತವೆ? ಅವಳಿಗೆ ನಲವತ್ತು ವರ್ಷವಾದಾಗ ಈ ಓದು ಅವಳ ಕೈ ಹಿಡಿಯುತ್ತದೆಯೇ?

ನಮ್ಮ ಹೆಣ್ಣುಮಕ್ಕಳಿಗೆ ದುಡಿಯುವ ಅಗತ್ಯವೇನಿದೆ ಎಂದು ಕೇಳುವವರಿದ್ದಾರೆ. ಮನೆ ಖರ್ಚಿನ ಹೊಣೆಯನ್ನು ಇಸ್ಲಾಮ್ ಪುರುಷನ ಮೇಲೆ ಹೊರಿಸಿದೆ, ಸರಿ. ಆದರೆ ಗಂಡ ಹಾಸಿಗೆ ಹಿಡಿದ ಮನೆ, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವಳ ಮನೆ, ತಲಾಖ್ ಆಗಿ ಎರಡು ಮಕ್ಕಳೊಂದಿಗೆ ತವರಿಗೆ ಮರಳಿದವಳ ಮನೆ ನಮ್ಮ ಯಾವ ಜಮಾಅತ್‌ನಲ್ಲಿ ಇಲ್ಲ ಹೇಳಿ? ಆ ಸಹೋದರಿ ಸಂಪಾದನೆಗೆ ಇಳಿಯಲೇಬೇಕಾದಾಗ ಅವಳ ಮುಂದಿರುವುದು ಒಂದು ಹೊಲಿಗೆ ಯಂತ್ರ, ಇಲ್ಲವೇ ಇನ್ನೊಬ್ಬರ ಮನೆಯ ಪಾತ್ರೆ. ರೆಡಿಮೇಡ್ ಬಟ್ಟೆ ಹಳ್ಳಿಯ ಸಂತೆಗೂ ಬಂದ ಮೇಲೆ ಹೊಲಿಗೆ ಯಂತ್ರದ ಸಂಪಾದನೆಯೂ ಮೊದಲಿನಂತಿಲ್ಲ. ಇನ್ನು ಮನೆಯಲ್ಲೇ ಕುಳಿತು ಕಂಪ್ಯೂಟರ್‌ನಲ್ಲಿ ಮಾಡುವ ಡಾಟಾ ಎಂಟ್ರಿ ಕೆಲಸವನ್ನೇ ನಂಬಿದ ಪದವೀಧರೆಯರು. ಆ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಿಮಿಷಗಳಲ್ಲಿ ಮಾಡಿ ಮುಗಿಸುತ್ತಿವೆ.

ಕೆಲಸ ಮಾಯವಾಗುವುದು ಹೊಸ ಸಂಗತಿಯಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಿರಿಯೂರಿನ ವಾಣಿವಿಲಾಸ ಸಕ್ಕರೆ ಕಾರ್ಖಾನೆ ಮುಚ್ಚಿ ದಶಕಗಳೇ ಕಳೆದಿವೆ. ಗಿರಣಿ ಮುಚ್ಚಿದ ದಿನ ಸಂಬಳ ನಿಂತಿದ್ದು ಗಂಡಸರದ್ದಾದರೂ, ಅದರ ಮಾರನೆಯ ದಿನದಿಂದ ಒಲೆ ಹೇಗೆ ಹೊತ್ತಿಸುವುದೆಂದು ಯೋಚಿಸಿದವರು ಮನೆಯ ಹೆಂಗಸರೇ. ಆಗ ಅವರಿಗೆ ಇನ್ನೊಂದು ಕೆಲಸ ಕಲಿಸಲು ಯಾವ ವಿಶ್ವವಿದ್ಯಾಲಯವಾದರೂ ಅವರ ಬೀದಿಗೆ ಬಂದಿತ್ತೇ? ವಿಶ್ವವಿದ್ಯಾಲಯವೆಂದರೆ ಹದಿನೆಂಟು ತುಂಬಿದವರನ್ನು ಒಳಗೆ ಸೇರಿಸಿಕೊಂಡು ಇಪ್ಪತ್ತೊಂದಕ್ಕೆ ಒಂದು ಕಾಗದ ಕೊಟ್ಟು ಹೊರಗೆ ಕಳುಹಿಸುವ ಜಾಗ ಎಂದೇ ನಾವೂ ತಿಳಿದಿದ್ದೇವೆ, ಅದನ್ನು ನಡೆಸುವವರೂ ತಿಳಿದಿದ್ದಾರೆ.

ಹಾಗಲ್ಲದ ಒಂದು ಜಾಗ ಹಿರಿಯೂರಿನ ಮಗ್ಗುಲಲ್ಲೇ ಇದೆ. ವೇದಾವತಿ ನದಿಯ ಬದಿಯ ಬಬ್ಬೂರಿನ ಹೆಸರು ಹೊತ್ತ ಬಬ್ಬೂರು ಫಾರಂ. ಮೈಸೂರು ಸಂಸ್ಥಾನದ ಕಾಲದಿಂದಲೂ ಇಲ್ಲಿ ಕೃಷಿಯ ಪ್ರಯೋಗಗಳು ನಡೆಯುತ್ತಾ ಬಂದಿವೆ. ಮಧ್ಯ ಕರ್ನಾಟಕದ ಒಣ ವಲಯಕ್ಕೆ ಯಾವ ಬೆಳೆ, ಯಾವ ತಳಿ ಒಗ್ಗುತ್ತದೆಂದು ಇಲ್ಲಿನ ಸಂಶೋಧನಾ ಕೇಂದ್ರ ಪರೀಕ್ಷಿಸುತ್ತದೆ. ಹಿಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿದ್ದ ಈ ಕೇಂದ್ರ, 2012ರಲ್ಲಿ ಶಿವಮೊಗ್ಗದಲ್ಲಿ ಪ್ರತ್ಯೇಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದಕ್ಕೆ ಸೇರಿತು. ಆ ವಿಶ್ವವಿದ್ಯಾಲಯಕ್ಕೆ ಈಗ ಕೆಳದಿ ಶಿವಪ್ಪ ನಾಯಕನ ಹೆಸರಿದೆ. ಅದರ ತೋಟಗಾರಿಕೆ ಕಾಲೇಜು ಹಿರಿಯೂರಿನಲ್ಲಿದೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಈ ಫಾರಂನಲ್ಲೇ ಇದೆ.

ಹಿರಿಯೂರಿನ ಪರಿಚಯದ ಸಹೋದರಿಯೊಬ್ಬರ ಬಳಿ ಈ ವಿಷಯ ಎತ್ತಿದಾಗ ಅವರು ನಕ್ಕುಬಿಟ್ಟರು. "ಬಸ್ಸಲ್ಲಿ ಎಷ್ಟು ಸಲ ಅದರ ಮುಂದೇನೇ ಹೋಗಿದ್ದೀನಿ ಆಪಾ. ಅದು ಹೊಲ ಇರೋ ರೈತರಿಗೆ ಅಲ್ವಾ? ನಮಗೆ ಒಂದು ಗುಂಟೆನೂ ಇಲ್ಲ. ಬುರ್ಖಾ ಹಾಕ್ಕೊಂಡು ಹೋಗಿ ಏನಂತ ಕೇಳ್ಲಿ?" ಎಂದರು. ಅವರ ಮನೆಯಲ್ಲಿ ಅತ್ತೆಯ ಕಾಲದಿಂದಲೂ ಉಪ್ಪಿನಕಾಯಿ, ಹಪ್ಪಳ ಮಾಡಿ ಪರಿಚಯದವರಿಗೆ ಮಾರುತ್ತಾರೆ. ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಬೂಸ್ಟು ಬಂದು ಅರ್ಧಕ್ಕರ್ಧ ಎಸೆಯಬೇಕಾಗುತ್ತದೆಂದು ಅವರೇ ಹೇಳಿದ್ದುಂಟು. ಅದಕ್ಕೆ ಉತ್ತರ ತಿಳಿದವರು ಎರಡು ಮೈಲಿ ಆಚೆಗೇ ಸಿಕ್ಕಿಯಾರು, ಆದರೆ ನಡುವೆ ಒಂದು ಗೇಟು.

ಹಾಗಾದರೆ ಕೃಷಿ ವಿಜ್ಞಾನ ಕೇಂದ್ರವೆಂದರೆ ಏನು? ದೇಶದ ಮೊದಲ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ತೆರೆಯಿತು. ಈಗ ಅವು 700ಕ್ಕೂ ಹೆಚ್ಚಿವೆ. ಇಲ್ಲಿ ಪರೀಕ್ಷೆಯಿಲ್ಲ, ಡಿಗ್ರಿಯಿಲ್ಲ, ವಯಸ್ಸಿನ ಮಿತಿಯಿಲ್ಲ. ಸಂಶೋಧನಾ ಕೇಂದ್ರದಲ್ಲಿ ಕಂಡುಕೊಂಡದ್ದನ್ನು ಊರಿನವರ ಕೈಗೆ ತಲುಪಿಸುವುದು ಮತ್ತು ಊರಿನವರ ತೊಂದರೆಯನ್ನು ಸಂಶೋಧಕರ ಕಿವಿಗೆ ಮುಟ್ಟಿಸುವುದು ಇದರ ಕೆಲಸ. ಮಣ್ಣು ಮತ್ತು ನೀರಿನ ಪರೀಕ್ಷೆ, ರೈತರ ಹೊಲದಲ್ಲೇ ಹೊಸ ತಳಿಯ ಪ್ರಾತ್ಯಕ್ಷಿಕೆ, ರೈತ ಮಹಿಳೆಯರಿಗೂ ಗ್ರಾಮೀಣ ಯುವಜನರಿಗೂ ತರಬೇತಿ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಆಹಾರ ಸಂಸ್ಕರಣೆಯನ್ನು ಕಲಿಸುವುದೂ ಇಂಥ ಕೇಂದ್ರಗಳ ಕೆಲಸವೇ. ನವಣೆ, ಸಾಮೆಯಂಥ ಸಿರಿಧಾನ್ಯಗಳಿಂದ ಬಿಸ್ಕತ್ತು, ಹಿಟ್ಟು, ಶಾವಿಗೆ ಮಾಡಿ ಮಾರಲು ಸ್ತ್ರೀಶಕ್ತಿ ಗುಂಪುಗಳು ಕಲಿತದ್ದು ಇಂಥ ತರಬೇತಿಗಳಲ್ಲೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ಪಟ್ಟಣಗಳಲ್ಲಿ ಅದಕ್ಕೆ ಬೇಡಿಕೆ ಏರಿತು. ನಮ್ಮ ಅಜ್ಜಿಯಂದಿರ ಕಾಲದ ಬಡವರ ಅನ್ನ ಈಗ ಶ್ರೀಮಂತರ ಪಥ್ಯ!

ಶೇಂಗಾದ ಉದಾಹರಣೆ ತೆಗೆದುಕೊಂಡರೆ ಇನ್ನೂ ಸ್ಪಷ್ಟವಾಗುತ್ತದೆ. ಚಳ್ಳಕೆರೆ, ಹಿರಿಯೂರು ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾವೇ ಮುಖ್ಯ ಬೆಳೆ. ಅದನ್ನು ಕಿತ್ತು, ಬಿಡಿಸಿ, ಸುಲಿದು, ಆರಿಸುವುದು ಹೆಚ್ಚಾಗಿ ಹೆಂಗಸರ ಕೈ. ಎಣ್ಣೆಗೆ ಹೋಗುವ ಕಾಯಿಯನ್ನು ಸುಲಿಯುವ ಕೆಲಸವನ್ನು ಯಂತ್ರ ಎಂದೋ ಕಿತ್ತುಕೊಂಡಿತು. ಆದರೆ ಬಿತ್ತನೆ ಬೀಜವನ್ನು ಈಗಲೂ ಕೈಯಲ್ಲಿ ಸುಲಿಸುವವರಿದ್ದಾರೆ. ಯಂತ್ರದ ಏಟಿಗೆ ಬೀಜ ಹೋಳಾಗುತ್ತದೆ, ಸಿಪ್ಪೆ ಹರಿದ ಬೀಜ ಮಣ್ಣಿನಲ್ಲಿ ಮೊಳೆಯದೆ ಕೊಳೆಯುತ್ತದೆ. ಕೂಲಿಗೆ ಸುಲಿಯುವ ಹೆಂಗಸಿಗೆ ಇದು ಗೊತ್ತಿಲ್ಲವೆಂದಲ್ಲ, ಅವಳ ಬೆರಳಿಗೆ ಗೊತ್ತು. ಆದರೆ ಒಳ್ಳೆಯ ಬೀಜವನ್ನು ಆರಿಸುವುದು ಹೇಗೆ, ಮೊಳಕೆ ಪರೀಕ್ಷೆ ಮಾಡುವುದು ಹೇಗೆ, ತೇವ ಉಳಿದ ಕಾಯಿಯಲ್ಲಿ ಬೆಳೆಯುವ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹೇಗೆ ಹುಟ್ಟುತ್ತದೆ, ಅದಿದ್ದರೆ ಹೊರದೇಶದ ಖರೀದಿದಾರ ಇಡೀ ಸರಕನ್ನು ಏಕೆ ತಿರಸ್ಕರಿಸುತ್ತಾನೆ ಎಂಬುದನ್ನು ಅವಳು ಕಲಿತರೆ ಕೂಲಿಯಾಳು ಹೋಗಿ ಬೀಜ ಬಲ್ಲವಳಾಗುತ್ತಾಳೆ. ಕೆಲಸ ಅದೇ, ಕೈಯೂ ಅದೇ, ಬೆಲೆ ಬೇರೆ. ಮುಂದೆ ಯಾವ ಯಂತ್ರ ಬಂದರೂ ಆ ಯಂತ್ರದಿಂದ ಹೊರಬಂದ ಬೀಜ ಸರಿಯಿದೆಯೇ ಎಂದು ನೋಡಲು ಬಲ್ಲವರು ಬೇಕೇ ಬೇಕು. ಮುಂದಿನ ಕಾಲದ ಕೆಲಸಕ್ಕೆ ಜನರನ್ನು ಸಿದ್ಧಗೊಳಿಸುವುದು ಎಂದು ದೊಡ್ಡ ಸಭೆಗಳಲ್ಲಿ ಹೇಳುತ್ತಾರಲ್ಲ, ಅದು ನನಗೆ ಅರ್ಥವಾಗುವುದು ಹೀಗೆ.

ಬೇಸಾಯವನ್ನು ಬಲ್ಲವರ ಅನುಭವಕ್ಕೆ ಬೆಲೆ ಕೊಡುವುದು ನಮಗೆ ಹೊಸತಲ್ಲ. ಮದೀನಾದ ರೈತರು ಗಂಡು ಖರ್ಜೂರದ ಹೂವನ್ನು ಹೆಣ್ಣು ಮರದ ಗೊನೆಗೆ ಸೋಕಿಸುತ್ತಿದ್ದರು. ಅದರಿಂದ ಪ್ರಯೋಜನವಿರಲಾರದೆಂದು ಪ್ರವಾದಿ(ಸ) ತಮ್ಮ ಅಭಿಪ್ರಾಯ ಹೇಳಿದಾಗ ಅವರು ಅದನ್ನು ಕೈಬಿಟ್ಟರು. ಆ ವರ್ಷ ಫಸಲು ಕುಂದಿತು. ವಿಷಯ ತಿಳಿದಾಗ ಪ್ರವಾದಿ(ಸ), ಇಂಥ ಲೌಕಿಕ ವಿಷಯಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬರ್ಥದ ಮಾತನ್ನಾಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬದ್ರ್‌ನಲ್ಲಿ ಸೆರೆಸಿಕ್ಕವರ ಪೈಕಿ ಅಕ್ಷರ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿದರೆ ಬಿಡುಗಡೆ ಎಂದು ಗೊತ್ತುಮಾಡಿದ ಪ್ರಸಂಗವನ್ನೂ ಸೀರತ್ ಗ್ರಂಥಗಳಲ್ಲಿ ಓದಿದ್ದೇವೆ. ಕಲಿಸುವವನು ನಿನ್ನೆಯವರೆಗೆ ಶತ್ರುವಾಗಿದ್ದವನು. ಹಾಗಿರುವಾಗ ಸರ್ಕಾರಿ ಫಾರಂನ ಗೇಟಿಗೆ ನಾವೇಕೆ ಅಂಜಬೇಕು? ಮೊರೊಕ್ಕೋದ ಫೆಸ್ ನಗರದಲ್ಲಿ ಕ್ರಿ.ಶ. 859ರಲ್ಲಿ ತನ್ನ ಪಾಲಿಗೆ ಬಂದ ಆಸ್ತಿಯಿಂದ ಕರವಿಯ್ಯೀನ್ ಮಸೀದಿಯನ್ನು ಕಟ್ಟಿಸಿದಳೆಂದು ಹೇಳಲಾಗುವ ಫಾತಿಮಾ ಅಲ್ ಫಿಹ್ರಿಯ ಹೆಸರು ನಮ್ಮ ಸಮ್ಮೇಳನಗಳಲ್ಲಿ ಬಹಳ ಕೇಳಿಬರುತ್ತದೆ. ಆ ಮಸೀದಿಯೇ ಮುಂದೆ ವಿಶ್ವವಿದ್ಯಾಲಯವಾಯಿತು. ಹೆಮ್ಮೆ ಪಡೋಣ. ಆದರೆ ಫೆಸ್‌ನ ಗೇಟಿನ ಬಗ್ಗೆ ಭಾಷಣ ಕೇಳಿ ಮನೆಗೆ ಬರುವ ದಾರಿಯಲ್ಲಿ ಬಬ್ಬೂರಿನ ಗೇಟು ಕಾಣುವುದಿಲ್ಲವೆಂದರೆ ಹೇಗೆ?

ಕೃಷಿ ವಿಶ್ವವಿದ್ಯಾಲಯಗಳಲ್ಲಿ ನನಗೆ ತುಂಬ ಹಿಡಿಸಿದ ಇನ್ನೊಂದು ಪದ್ಧತಿಯಿದೆ. ನಾಲ್ಕು ವರ್ಷದ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಇದ್ದು, ರೈತರ ಜೊತೆ ಹೊಲಕ್ಕಿಳಿದು ಕಲಿಯಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಅದರ ಹೆಸರು. ಹುಡುಗಿಯರೂ ಹೋಗುತ್ತಾರೆ. ಇದನ್ನು ಮುಗಿಸದೆ ಪದವಿಯಿಲ್ಲ. ಇದೇ ಪದ್ಧತಿ ಬಿ.ಕಾಂ.ಗೆ ಏಕಿಲ್ಲ? 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳಿವೆ. ಅಲ್ಲಿ ಬಿ.ಕಾಂ. ಓದುವ ಹುಡುಗಿ ಮೂರು ತಿಂಗಳು ಹಿರಿಯೂರಿನ ಒಂದು ಗ್ಯಾರೇಜಿನ, ಹಣ್ಣಿನ ಮಂಡಿಯ, ಹಪ್ಪಳ ಮಾಡುವ ಹೆಂಗಸರ ಗುಂಪಿನ ಲೆಕ್ಕ ಬರೆದುಕೊಟ್ಟರೆ ಇಬ್ಬರಿಗೂ ಲಾಭ. ಅವಳಿಗೆ ಜಿಎಸ್‌ಟಿ ಪುಸ್ತಕದಿಂದ ಕೈಗೆ ಇಳಿಯುತ್ತದೆ, ಅವರಿಗೆ ಬ್ಯಾಂಕಿನ ಮುಂದೆ ಇಡಲು ಒಂದು ಲೆಕ್ಕಪತ್ರ ಸಿಗುತ್ತದೆ. ಸಮಾಜಶಾಸ್ತ್ರ ಓದುವವಳು ತನ್ನ ಮೊಹಲ್ಲಾದಲ್ಲೇ ಯಾರ್ಯಾರು ಯಾವ ಕೆಲಸ ಬಿಟ್ಟರು, ಯಾವುದಕ್ಕೆ ಹೋದರು ಎಂದು ಬರೆದಿಟ್ಟರೆ ಅದೇ ಒಂದು ಸಂಶೋಧನೆ. ಎಐ ಎಷ್ಟೇ ಬುದ್ಧಿವಂತನಾದರೂ ನಮ್ಮ ಗಲ್ಲಿಗೆ ಬಂದು ಬಾಗಿಲು ತಟ್ಟುವುದಿಲ್ಲ.

ಬದಲಿಗೆ ನಮ್ಮ ಹುಡುಗಿಯರಿಗೆ ಸಿಕ್ಕಿದ್ದು ಏನು? 2021ರಲ್ಲಿ ಪದವಿ ನಾಲ್ಕು ವರ್ಷದ್ದೆಂದರು, 2024ರಲ್ಲಿ ಮತ್ತೆ ಮೂರೇ ವರ್ಷವೆಂದರು. ಎರಡಕ್ಕೂ ವಾದಗಳಿದ್ದವು, ನಡುವೆ ಸೇರಿದ ತಂಡಗಳವರು ಮಾತ್ರ ತಬ್ಬಿಬ್ಬಾದರು. ಅದಕ್ಕಿಂತ ನೋವಿನ ಕಥೆ ದೂರಶಿಕ್ಷಣದ್ದು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಮನೆ ಬಿಟ್ಟು ಹೊರಗೆ ಓದಲಾಗದ ಹೆಂಗಸರಿಗೆ ದೊಡ್ಡ ಆಸರೆಯಾಗಿತ್ತು. 2013-14ನೇ ಸಾಲಿನಿಂದ ಅದರ ಕೋರ್ಸುಗಳಿಗೆ ಯುಜಿಸಿ ಮಾನ್ಯತೆ ಇಲ್ಲದಂತಾಗಿ, 2018ರಲ್ಲಿ ಮತ್ತೆ ಮಾನ್ಯತೆ ಸಿಗುವವರೆಗೆ ಓದಿದವರ ಪದವಿ ತೂಗುಯ್ಯಾಲೆಯಲ್ಲಿತ್ತು. ಮಕ್ಕಳನ್ನು ಮಲಗಿಸಿ ರಾತ್ರಿ ಹನ್ನೆರಡರವರೆಗೆ ಓದಿದ ತಾಯಿಗೆ, ನಿನ್ನ ಅಂಕಪಟ್ಟಿ ನಡೆಯುವುದಿಲ್ಲ ಎಂದು ಹೇಳುವುದು ಸಣ್ಣ ಮಾತೇ? 2022ರಲ್ಲಿ ಹಿಜಾಬ್ ವಿವಾದದಿಂದ ತರಗತಿಯ ಹೊರಗುಳಿದ ಹೆಣ್ಣುಮಕ್ಕಳಲ್ಲಿ ಕೆಲವರು ಓದನ್ನೇ ಬಿಟ್ಟರು. ಅಂಥವರಿಗೂ ದೂರಶಿಕ್ಷಣವೇ ಒಂದು ದಾರಿ. ಆದ್ದರಿಂದ ಸೇರುವ ಮೊದಲು ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಲೇಬೇಕು. ಏಜೆಂಟರ ಬಾಯಿಮಾತು ಸಾಲದು.

ಮದುವೆಯಾಗಿ ಊರು ಬದಲಾಗುವ ಹುಡುಗಿಯರ ತಾಯಂದಿರು ತಿಳಿದಿರಬೇಕಾದ ಒಂದು ವ್ಯವಸ್ಥೆಯೂ ಬಂದಿದೆ. ಹಿರಿಯೂರಿನಲ್ಲಿ ಒಂದು ವರ್ಷ ಪದವಿ ಓದಿ, ಮದುವೆಯಾಗಿ ತುಮಕೂರಿಗೆ ಹೋದರೆ ಓದಿದ ವರ್ಷ ನೀರಿನಲ್ಲಿ ಹೋಮವಾಗುತ್ತಿತ್ತು. 2021ರಲ್ಲಿ ಯುಜಿಸಿ ಜಾರಿಗೆ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯಲ್ಲಿ, ಪಾಸಾದ ವಿಷಯಗಳ ಕ್ರೆಡಿಟ್ ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲಿ ಜಮೆಯಾಗುತ್ತದೆ. ಗರಿಷ್ಠ 7 ವರ್ಷದೊಳಗೆ ಬೇರೆ ಕಡೆ ಓದು ಮುಂದುವರಿಸಲು ಅದನ್ನು ಬಳಸಬಹುದು. ಕಾಗದದ ಮೇಲೆ ಇದು ಸೊಗಸಾಗಿದೆ. ಹೊಸ ಕಾಲೇಜು ಅದನ್ನು ಒಪ್ಪಿಕೊಳ್ಳುವಂತೆ ಮಾಡುವ ಹೊಣೆ ಮಾತ್ರ ವಿಶ್ವವಿದ್ಯಾಲಯಗಳದ್ದು. ನಿಕಾಹ್ ಮಾತುಕತೆಯಲ್ಲಿ ಕುರ್ಚಿ, ಊಟ, ಬಟ್ಟೆಗಳ ಲೆಕ್ಕ ಗಂಟೆಗಟ್ಟಲೆ ನಡೆಯುತ್ತದೆ. ಹುಡುಗಿಯ ಓದು ಅತ್ತೆಯ ಮನೆಯಲ್ಲಿ ಮುಂದುವರಿಯುವ ಮಾತಿಗೂ ಐದು ನಿಮಿಷ ಕೊಡಬಾರದೇ?

ಇದೇ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ, 1909ರಷ್ಟು ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ ಎರಡನೆಯ ಆವರಣ ಮಾಡಿಕೊಂಡಿದೆ. ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಪ್ರಯೋಗಗಳನ್ನು ಶಿಕ್ಷಕರು ತಾವೇ ಕೈಯಾರೆ ಮಾಡಿ ಕಲಿತು ತಮ್ಮ ಶಾಲೆಗೆ ಮರಳುತ್ತಾರೆ. ಒಬ್ಬ ಶಿಕ್ಷಕಿ ಕಲಿತರೆ ವರ್ಷಕ್ಕೆ ನೂರು ಮಕ್ಕಳಿಗೆ ಅದು ಮುಟ್ಟುತ್ತದೆ. ನಮ್ಮ ಉರ್ದು ಶಾಲೆಗಳ ಶಿಕ್ಷಕಿಯರೂ ಇಂಥ ತರಬೇತಿಗೆ ಹೋಗಿ ಬರುವಂತೆ ಶಾಲಾಭಿವೃದ್ಧಿ ಸಮಿತಿಗಳು ಒತ್ತಾಯಿಸಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಇದೇ ಸಂಸ್ಥೆಗೆ ಸೇರಲು ಬಂದಾಗ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಹಿಂದೆಮುಂದೆ ನೋಡಿದ್ದರು. ಆಕೆ ಪಟ್ಟು ಬಿಡದೆ, ಷರತ್ತುಗಳ ಮೇಲೆ ಸೇರಿ, ಮುಂದೆ ಕಮಲಾ ಸೊಹೊನಿಯಾಗಿ ಹೆಸರಾದರು. ಗೇಟುಗಳು ತಾವಾಗಿಯೇ ತೆರೆದ ಉದಾಹರಣೆ ಕಡಿಮೆ.

ಕುದಾಪುರದ ಇನ್ನೊಂದು ಮುಖವನ್ನೂ ಹೇಳಬೇಕು. ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗಾಗಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲನ್ನು ಕೊಡಲಾಯಿತು. ಅದರಲ್ಲಿ 1,500 ಎಕರೆ ಈ ಸಂಸ್ಥೆಯ ಪಾಲಿಗೆ ಬಂತು. ಅಲ್ಲಿ ಕುರಿ ಮೇಯಿಸುತ್ತಿದ್ದವರು, ಆ ಕುರಿಯ ಉಣ್ಣೆಯಿಂದ ಕಂಬಳಿ ನೇಯುತ್ತಿದ್ದ ಮನೆಗಳು ಸುತ್ತಲ ಹಳ್ಳಿಗಳಲ್ಲಿದ್ದವು. ಅವರು ಹಸಿರು ನ್ಯಾಯಮಂಡಳಿಯವರೆಗೂ ಹೋರಾಡಿದರು. ನಾಳಿನ ಕೆಲಸವನ್ನು ಕಲಿಸಲು ಬರುವ ಸಂಸ್ಥೆಯೇ ಇಂದಿನ ಕೆಲಸವನ್ನು ಕಿತ್ತುಕೊಂಡರೆ, ಕಳೆದುಕೊಂಡವರಿಗೆ ಮೊದಲು ಕಲಿಸುವ ಹೊಣೆ ಅದರ ಮೇಲಿಲ್ಲವೇ? ಕಂಬಳಿ ನೇಯುವ ಹೆಂಗಸಿಗೆ ಉಣ್ಣೆಯ ಹೊಸ ಉಪಯೋಗಗಳನ್ನು ತೋರಿಸುವಷ್ಟು ವಿಜ್ಞಾನ ಅಲ್ಲಿ ಖಂಡಿತ ಇದೆ.

ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಾಗ 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆಯಿದ್ದರು. ದೇಶದ ಒಟ್ಟು ಲೆಕ್ಕ ಸುಮಾರು ಶೇ. 7. ಆ ಮೇಲೆ ನಮ್ಮ ಹುಡುಗಿಯರು ಬಹಳ ಮುಂದೆ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಬಯ್ತುಲ್‌ಮಾಲ್‌ಗೆ ಬರುವ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ಬಿಟ್ಟರೆ ಬೇರೆ ಹೆಸರು ಅಪರೂಪ. ಕೃಷಿ, ತೋಟಗಾರಿಕೆ ಪದವಿಗೆ ನಮ್ಮವರು ಅರ್ಜಿ ಹಾಕುವುದೇ ಕಡಿಮೆ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಇದ್ದ ಶೇ. 40ರ ಮೀಸಲನ್ನು ರಾಜ್ಯ ಸರ್ಕಾರ 2021ರಲ್ಲಿ ಶೇ. 50ಕ್ಕೆ ಏರಿಸಿತು. ಎರಡು ಎಕರೆ ಹೊಲವಿರುವ ಮನೆಯ ಹುಡುಗಿಯೂ ಈ ಕೋಟಾದಲ್ಲಿ ತನಗೆ ಅವಕಾಶವಿದೆಯೇ ಎಂದು ವಿಚಾರಿಸಬಹುದು. ಸಿಇಟಿಯ ಜೊತೆಗೆ ಇವರಿಗೊಂದು ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಬೇಸಾಯದ ಸಲಕರಣೆಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಅಜ್ಜಿಯ ಜೊತೆ ಕಣದಲ್ಲಿ ಕುಳಿತು ಕಾಳು ಆರಿಸಿದ ಹುಡುಗಿಗೆ ಅದಕ್ಕೆ ಟ್ಯೂಷನ್ ಬೇಕಾಗಲಿಕ್ಕಿಲ್ಲ.

ಹಿರಿಯೂರಿನ ಆ ಸಹೋದರಿಗೆ ನಾನು ಹೇಳಿದ್ದಿಷ್ಟೇ. ಒಬ್ಬರೇ ಹೋಗಲು ಸಂಕೋಚವಾದರೆ ಐದಾರು ಮಂದಿ ಕೂಡಿ ಹೋಗಿ. ಹೆಂಗಸರಿಗೆ ತರಬೇತಿ ಯಾವಾಗ, ಯಾವುದರ ಮೇಲೆ, ಹೆಸರು ಬರೆಸುವುದು ಹೇಗೆ ಎಂದು ಕೇಳಿ. ಉಪ್ಪಿನಕಾಯಿಯ ಬೂಸ್ಟಿನ ಮಾತನ್ನೂ ಎತ್ತಿ. ಮಾರಾಟಕ್ಕೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯ ಬಗ್ಗೆ ವಿಚಾರಿಸಿ. ಗುಂಪು ದೊಡ್ಡದಿದ್ದರೆ ನಮ್ಮ ಮೊಹಲ್ಲಾಕ್ಕೇ ಬಂದು ಕಲಿಸುತ್ತೀರಾ ಎಂದು ಒಂದು ಅರ್ಜಿ ಕೊಡಿ. ಜಮಾಅತ್‌ನ ಶಾದಿಮಹಲ್ ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ, ಕಮಿಟಿಯವರನ್ನು ಬೀಗದ ಕೈ ಕೇಳಿದರಾಯಿತು. ಶೇಂಗಾ ಕಿತ್ತು ಮುಗಿದು, ಕೂಲಿ ಕೆಲಸ ಕಡಿಮೆಯಾಗುವ ಡಿಸೆಂಬರ್ ಹೊತ್ತಿಗೆ ಹೆಂಗಸರಿಗೂ ಬಿಡುವಿರುತ್ತದೆ. "ಅರ್ಜಿ ಕನ್ನಡದಲ್ಲೇ ಬರೀಬಹುದಾ ಆಪಾ?" ಎಂದು ಅವರು ಕೇಳಿದರು. ಕನ್ನಡದಲ್ಲೇ ಬರೆಯಬೇಕು ಎಂದೆ.